ಜ್ವರಕ್ಕಿಂತ ಮೊದಲು ಬರುವ ಸುದ್ದಿ

ಮುಳವಾಡದ ಸುತ್ತಿನ ಹಳ್ಳಿಗಳಲ್ಲಿ ನಾನು ಆರೋಗ್ಯ ಇಲಾಖೆಯ ಸೈಕಲ್ ತುಳಿಯುತ್ತಿದ್ದಾಗ ಮಲೇರಿಯಾದ ಮುನ್ಸೂಚನೆ ಅಂತ ಇದ್ದದ್ದು ಮನೆಮನೆಯ ಗೋಡೆಗೆ ಬಣ್ಣದಲ್ಲಿ ಒತ್ತಿದ ಒಂದು ಚೌಕ. ಹದಿನೈದು ದಿನಕ್ಕೊಮ್ಮೆ ಹೋಗಿ ಅದರಲ್ಲಿ ತಾರೀಖು ಬರೆದು ಸಹಿ ಹಾಕಬೇಕು. "ಥಂಡಿ-ಜ್ವರ ಬಂದಾವೇನ್ರಿ ಯವ್ವಾ?" ಅಂದರೆ ಮುದುಕಿಯರು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟು, "ಯಾರಿಗೂ ಇಲ್ಲೋ ತಮ್ಮಾ, ಬೆರಳ ಚುಚ್ಚಬ್ಯಾಡ" ಅನ್ನುವರು. ಜ್ವರ ಇದ್ದವರ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿ, ನಾಲ್ಕು ಕ್ಲೋರೋಕ್ವಿನ್ ಗುಳಿಗೆ ನುಂಗಿಸಿ ಮುಂದಿನ ಮನೆಗೆ ನಡೆಯುತ್ತಿದ್ದೆವು. ಸಾವಿರ ಜನಕ್ಕೆ ವರ್ಷಕ್ಕೆ ಎರಡು ಪ್ರಕರಣ ದಾಟಿದ ಊರಿಗೆ ಔಷಧ ಹೊಡೆಯಬೇಕು ಎಂಬುದು 1977ರ ಮಲೇರಿಯಾ ಯೋಜನೆಯ ಲೆಕ್ಕ. ಇದು ಹೋದ ವರ್ಷದ ಸುದ್ದಿಯೇ ಹೊರತು ಮುನ್ಸೂಚನೆಯಲ್ಲ ಅಂತ ನನಗೆ ಆಗಲೂ ಅನಿಸುತ್ತಿತ್ತು.

ನಿಜವಾದ ಮುನ್ಸೂಚನೆಗೆ ಕೈಹಾಕಿದ್ದು ಪಂಜಾಬ್. ಅಲ್ಲಿನ 1908ರ ಭೀಕರ ಮಲೇರಿಯಾವನ್ನು ಕ್ರಿಸ್ಟೋಫರ್ಸ್ ಎಂಬ ವೈದ್ಯ ಅಧ್ಯಯನ ಮಾಡಿ 1911ರಲ್ಲಿ ವರದಿ ಕೊಟ್ಟ. 1920ರ ದಶಕದಲ್ಲಿ ಗಿಲ್ ಎಂಬ ಅಧಿಕಾರಿ ಮಳೆಯ ಪ್ರಮಾಣ, ಮಕ್ಕಳ ಊದಿದ ಗುಲ್ಮ, ಧಾನ್ಯದ ಧಾರಣೆ ಇಷ್ಟನ್ನೂ ಕೂಡಿಸಿ ಯಾವ ಜಿಲ್ಲೆಗೆ ಗಂಡಾಂತರವಿದೆ ಎಂದು ಮೊದಲೇ ಹೇಳತೊಡಗಿದ. ಧಾರಣೆ ಯಾಕೆಂದರೆ ಹೊಟ್ಟೆಗಿಲ್ಲದವರೇ ಜ್ವರಕ್ಕೆ ಹೆಚ್ಚು ಸಾಯುತ್ತಿದ್ದರು. ಸಂತೆಯ ಬೆಲೆಯನ್ನು ರೋಗದ ಲೆಕ್ಕಕ್ಕೆ ತಂದ ಆ ಮನುಷ್ಯನಿಗೆ ನನ್ನ ನಮಸ್ಕಾರ.

ಆದರೆ ಆ ಸೂತ್ರ ನಮ್ಮಲ್ಲಿ ನಡೆಯದು. ನಮ್ಮ ಬರಗಾಲದ ನೆಲಕ್ಕೆ ಸೊಳ್ಳೆ ಬರುವುದು ಮೋಡದಿಂದಲ್ಲ, ಕೆನಾಲಿನಿಂದ. ಮಂಡ್ಯದವರು ಇದನ್ನು 1930ರ ದಶಕದಲ್ಲೇ ಕಂಡಿದ್ದರು. ಇರ್ವಿನ್ ನಾಲೆಯ ನೀರಿನ ಹಿಂದೆಯೇ ಅಲ್ಲಿಗೆ ಮಲೇರಿಯಾ ಬಂತು. ನಮ್ಮ ಕಡೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ತುಂಬಿ, ಮುಳವಾಡ ಏತ ನೀರಾವರಿಯ ನೀರು ಮೇಲೇರುವ ಹೊತ್ತಿಗೆ ತಲೆಮಾರುಗಳೇ ಕಳೆದವು. ಅಷ್ಟರಲ್ಲಿ ದೇಶದ ಮಲೇರಿಯಾ 1965ರಲ್ಲಿ ಒಂದು ಲಕ್ಷಕ್ಕೆ ಇಳಿದು, 1976ಕ್ಕೆ 64 ಲಕ್ಷ ದಾಟಿಯೂ ಆಗಿತ್ತು.

ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ವಾರಾಬಂದಿಯಲ್ಲಿ ಗೇಟು ಮುಚ್ಚಿದಾಗ ಕಾಲುವೆಯ ತಳದಲ್ಲಿ, ಬಸಿ ನೀರಿನ ಗುಂಡಿಗಳಲ್ಲಿ ಅನಾಫಿಲಿಸ್ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಹತ್ತು ದಿನದ ಆಸುಪಾಸು, ಕಚ್ಚಿ ಎಳೆದುಕೊಂಡ ರೋಗಾಣು ಸೊಳ್ಳೆಯೊಳಗೆ ಬಲಿಯಲು ಅಷ್ಟೇ, ಮನುಷ್ಯನ ಮೈಯಲ್ಲಿ ಜ್ವರವಾಗಲು ಮತ್ತೆ ಅಷ್ಟೇ. ಅಂದರೆ ಗೇಟಿನ ತಾರೀಖು ಗೊತ್ತಿದ್ದವನಿಗೆ ಹೆಚ್ಚುಕಡಿಮೆ ಒಂದು ತಿಂಗಳ ಮುನ್ಸೂಚನೆ ಪುಕ್ಕಟೆ ಸಿಗುತ್ತದೆ.

ಡೆಂಗಿಯದು ಇದಕ್ಕೆ ತಿರುವುಮುರುವು. ಅದರ ಸೊಳ್ಳೆಗೆ ಕೆನಾಲು ಬೇಡ; ನಳ ಬಾರದ ದಿನಗಳಿಗೆಂದು ನಾವು ತುಂಬಿಡುವ ಬ್ಯಾರಲ್ಲು, ಸಿಮೆಂಟ್ ತೊಟ್ಟಿ ಸಾಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ನೂರು ಮನೆ ನೋಡಿದರೆ ಎಷ್ಟು ಪಾತ್ರೆಯಲ್ಲಿ ಲಾರ್ವಾ ಇದೆ ಎಂಬ ಎಣಿಕೆಯೇ ಈಗಿನ ಮುನ್ಸೂಚನೆಯ ಬುನಾದಿ. ಕಂಪ್ಯೂಟರಿಗೆ ಹೋಗುವ ಅಂಕಿಯನ್ನೂ ಯಾರೋ ಬಗ್ಗಿ ನೋಡಿಯೇ ತರಬೇಕು.

ನೀರಾವರಿ ಸಲಹಾ ಸಮಿತಿ ನೀರು ಬಿಡುವ, ನಿಲ್ಲಿಸುವ ತಾರೀಖು ಹೇಳಿದ ದಿನವೇ ಆ ಕಾಗದದ ಒಂದು ಪ್ರತಿ ಆರೋಗ್ಯ ಕೇಂದ್ರಗಳಿಗೂ ಹೋಗಲಿ. ಆಶಾ ಕಾರ್ಯಕರ್ತೆ ನಿಮ್ಮ ಬ್ಯಾರಲ್ಲಿನ ಮುಚ್ಚಳ ತೆಗೆದು ನೋಡಲು ಬಂದರೆ ಬಾಗಿಲಲ್ಲೇ ತಡೆಯಬೇಡಿ, ಒಳಗೆ ಕರೆಯಿರಿ.