ಓದಲಾಗದ ಕರಾರು: ದುಬೈ, ಅಬುಧಾಬಿಯ ಕೆಲಸದ ಪರವಾನಗಿ ಮತ್ತು ಕರಾವಳಿಯ ಕನ್ನಡಿಗರು

ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಮನೆಗಳಲ್ಲಿ ‘ವೀಸಾ ಬಂತು’ ಎಂದರೆ ಕೆಲಸ ಸಿಕ್ಕಿತೆಂದೇ ಅರ್ಥ. ಯುಎಇ ಕಾನೂನಿನಲ್ಲಿ ಇವೆರಡೂ ಬೇರೆ. ಫ್ರೀ ಝೋನ್‌ಗಳೆಂಬ ಪ್ರತ್ಯೇಕ ನಿಯಮದ ವಲಯಗಳ ಹೊರಗಿನ ಖಾಸಗಿ ಕೆಲಸಕ್ಕೆ ಪರವಾನಗಿ ಕೊಡುವುದು ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯ. ವಾಸದ ಅನುಮತಿಯನ್ನು ದುಬೈ ಮತ್ತು ಅಬುಧಾಬಿಯಲ್ಲಿ ಬೇರೆ ಬೇರೆ ಇಲಾಖೆಗಳು ಕೊಡುತ್ತವೆ. ಪರವಾನಗಿ ಮಾಡಿಸಬೇಕಾದವನು ಕೆಲಸ ಕೊಡುವ ಧಣಿ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವುದನ್ನು 2022ರ ಫೆಬ್ರವರಿ 2ರಂದು ಜಾರಿಗೆ ಬಂದ ಕಾರ್ಮಿಕ ಕಾನೂನು ನಿಷೇಧಿಸಿದೆ.

ಊರಲ್ಲಿ ಹೇಳಿದ ಸಂಬಳ ಒಂದು, ಅಲ್ಲಿ ಇಳಿದ ಮೇಲೆ ಕೊಡುವುದು ಇನ್ನೊಂದು ಎಂಬುದು ಹಳೆಯ ಅಳಲು. ಇದನ್ನು ತಡೆಯಲು 2016ರ ಜನವರಿಯಿಂದ ನಿಯಮ ಬಂತು: ಹೊರಡುವ ಮೊದಲೇ ಆಫರ್ ಲೆಟರ್ ಓದಿ ಸಹಿ ಹಾಕಬೇಕು, ಕರಾರು ಅದರಂತೆಯೇ ಇರಬೇಕು. ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಗೂ ಅದರಲ್ಲಿ ಜಾಗವಿತ್ತು. ಹಿಂದಿ, ಉರ್ದು, ಬಂಗಾಳಿ, ತಮಿಳು, ಮಲಯಾಳಂ, ನೇಪಾಳಿ, ಸಿಂಹಳ, ಚೀನೀ, ಅಫ್ಘಾನಿಸ್ತಾನದ ದರಿ ಆ ಮೂರನೆಯ ಭಾಷೆಗಳ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ.

ಮಲಯಾಳಂ ಸಾಕಲ್ಲವೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬ್ಯಾರಿ ಮಾತಿನವರಿಗೆ ಮಲಯಾಳಂ ಕಿವಿಗೆ ಹತ್ತಿರ, ಆದರೆ ಶಾಲೆಯಲ್ಲಿ ತಿದ್ದಿದ್ದು ಕನ್ನಡದ ಅಕ್ಷರ. ತುಳು, ಕೊಂಕಣಿ ಮನೆಗಳ ಕತೆಯೂ ಬಹುಮಟ್ಟಿಗೆ ಇದೇ. ಉರ್ದು ಓದಬಲ್ಲ ಭಟ್ಕಳದ ನವಾಯತರಿಗೆ ಈ ತೊಡಕು ಕಡಿಮೆ. ಕರಾರು ಕೇಳಿಸಿಕೊಳ್ಳುವ ವಸ್ತುವಲ್ಲ, ಓದಿ ಸಹಿ ಹಾಕುವ ಕಾಗದ.

ಇತ್ತ ಭಾರತದ 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಯುಎಇ ಸೇರಿದಂತೆ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಲು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಬೇಕು. ಜೊತೆಗೆ 10 ಲಕ್ಷ ರೂಪಾಯಿಯ ವಿಮೆಯೂ ಇದೆ. ಕನ್ನಡವಲ್ಲದೆ ಬೇರೇನೂ ಸರಾಗವಾಗಿ ಓದಲಾರದವರು ಹೆಚ್ಚಾಗಿ ಇವರೇ. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ’ ಎನ್ನುವ ಏಜೆಂಟರ ಮಾತಿಗೆ ಒಪ್ಪಿದರೆ ಅನುಮತಿ, ವಿಮೆ, ಮೊದಲೇ ಓದಿದ ಕರಾರು ಮೂರೂ ತಪ್ಪುತ್ತವೆ. ಪರವಾನಗಿಯಿಲ್ಲದೆ ದುಡಿಸಿಕೊಂಡ ಧಣಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡವಿದೆ.

ವ್ಯಾಜ್ಯ ಬಂದರೆ ಅರಬ್ಬಿ ಪಠ್ಯವೇ ಅಂತಿಮ, ನಿಜ. ಆದರೂ ಕನ್ನಡದ ನಕಲು ವ್ಯರ್ಥವಲ್ಲ. ಕೆಲಸ ಬಿಡುವಾಗಿನ ಗ್ರಾಚ್ಯುಟಿ ಲೆಕ್ಕವಾಗುವುದು ಮೂಲ ವೇತನದ ಮೇಲೆ: ಮೊದಲ ಐದು ವರ್ಷಗಳಿಗೆ, ವರ್ಷಕ್ಕೆ 21 ದಿನಗಳ ವೇತನ. ಮೂಲ ವೇತನ ಇಳಿಸಿ ಭತ್ಯೆ ಏರಿಸಿದ ಆಫರ್ ಲೆಟರಿನಲ್ಲಿ ತಿಂಗಳ ಒಟ್ಟು ಮೊತ್ತ ಚೆನ್ನಾಗಿಯೇ ಕಾಣುತ್ತದೆ. ಮೂಲ ವೇತನ, ಭತ್ಯೆಗಳ ಆ ಎರಡು ಸಾಲುಗಳನ್ನು ಮಂಗಳೂರಿನಲ್ಲೇ, ತನ್ನ ಅಕ್ಷರದಲ್ಲೇ ಓದಿದವನು ವಿಮಾನ ಹತ್ತುವ ಮೊದಲು ಪ್ರಶ್ನೆ ಕೇಳಬಲ್ಲ.