ಕಪಿಲೆ-ಕಾವೇರಿ ಸೀಮೆಯಲ್ಲಿ ಪ್ರಶ್ನೆ ಕೇಳಿದವರು

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲೊಂದು ಗುಲಗಂಜಿ ಇದೆ. ಅದಕ್ಕೆ ಜನ ಹೇಳುವ ಕಥೆಯಲ್ಲಿ ಬರುವವನು ಹೊಳೆದಂಡೆಯ ಒಬ್ಬ ಮಡಿವಾಳ. ಅವನು ಬಟ್ಟೆ ಒಗೆಯುವ ಬಂಡೆಯ ಕೆಳಗೆ ತಾನಿದ್ದೇನೆಂದು ದೇವರು ಕನಸಿನಲ್ಲಿ ಬಂದು ಹೇಳುತ್ತಾನೆ. ಸಾಯುವ ಮುಂಚೆ ಕಾಶಿ ನೋಡಬೇಕೆಂದು ಹಂಬಲಿಸುವ ಅವನಿಗೆ, ಇಲ್ಲಿಯ ಕಪಿಲೆ-ಕಾವೇರಿ ಸಂಗಮ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಮನಗಾಣಿಸುತ್ತಾನೆ. ಸ್ಥಳಪುರಾಣವೆಂದು ಕೇಳಿ ಮುಂದೆ ಹೋಗುವವರೇ ಹೆಚ್ಚು. ಆದರೆ ಅದರೊಳಗೆ ಮಡಿವಾಳನ ಅಳುಕೂ ಇದೆ. ದೊಡ್ಡದೆಲ್ಲ ದೂರದಲ್ಲೆಲ್ಲೋ ಇರುತ್ತದೆ, ನನ್ನಂಥವನ ಕಾಲ ಕೆಳಗೆ ಅದು ಹೇಗೆ ಬಂದೀತು ಎಂಬ ಅಳುಕು.

ಕಪಿಲೆ ಮತ್ತು ಕಾವೇರಿಯ ನಡುವಿನ ಸೀಮೆ, ಅಂದರೆ ನಂಜನಗೂಡು, ತಿ. ನರಸೀಪುರ ಮತ್ತು ಅವುಗಳ ನೆರೆಯ ಊರುಗಳು, ಈ ಅಳುಕನ್ನು ಶತಮಾನಗಳಿಂದ ಬಲ್ಲವು. ಅದನ್ನು ರೋಗವೆಂದು ಬಗೆಯದೆ ಪ್ರಶ್ನೆಯಾಗಿ ಬೆಳೆಸುವ ಹಲವು ಬಗೆಗಳನ್ನು ಇಲ್ಲಿಯ ಜನ ಕಂಡುಕೊಂಡರು: ತರ್ಕ, ಸಂವಾದ, ರಾತ್ರಿಯಿಡೀ ಹಾಡುವ ಕಥೆ, ಅಚ್ಚಿನ ಪುಸ್ತಕ, ಕೊನೆಗೆ ಮನಶ್ಶಾಸ್ತ್ರ. "ನಾನು ತಕ್ಕವನೇ?" ಎಂಬ ಕೊರಗು "ನಾನು ಯಾರು?" ಎಂಬ ಹುಡುಕಾಟವಾಗಿ ತಿರುಗಿದ ಬಗೆ ಇದು. ಆ ತಿರುವು ಒಂಟಿಯಾಗಿ ಆದದ್ದು ಅಪರೂಪ. ಎದುರಿಗೆ ಕುಳಿತು ಮರುಪ್ರಶ್ನೆ ಹಾಕುವವರು ಇದ್ದ ಕಡೆಯಲ್ಲೇ ಅದು ಹೆಚ್ಚಾಗಿ ನಡೆದಿದೆ.

ಕನ್ನಡದಲ್ಲಿ ಇದಕ್ಕೆ ಗಟ್ಟಿ ಬುನಾದಿ ಹಾಕಿದವರು 12ನೇ ಶತಮಾನದ ಶರಣರು. ಅವರ ವಚನಗಳನ್ನು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ 'ಶೂನ್ಯಸಂಪಾದನೆ'ಯಾಗಿ ಜೋಡಿಸಿದಾಗ ಇಡೀ ಗ್ರಂಥ ಮಾತುಕತೆಯ ರೂಪ ತಾಳಿತು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಎತ್ತಿಸಿ ಹೆಸರಾದ ಸಿದ್ಧರಾಮನನ್ನು ಅಲ್ಲಮಪ್ರಭು ಅಲ್ಲಿ ಕೆಣಕುತ್ತಾನೆ. ಸಿಟ್ಟಿಗೆದ್ದ ಸಿದ್ಧರಾಮ ಮೆಲ್ಲಗೆ ಕೇಳುಗನಾಗುತ್ತಾನೆ. ಇನ್ನೂ ಆಳವಾದದ್ದು ಮುಕ್ತಾಯಕ್ಕನ ಪ್ರಸಂಗ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣ ತೀರಿಕೊಂಡು ಅವಳು ದುಃಖದಲ್ಲಿ ಮುಳುಗಿದ್ದಾಗ ಅಲ್ಲಮ ಎದುರಾಗುತ್ತಾನೆ. ಅವನು ಸಮಾಧಾನದ ಮಾತಾಡಿ ಹೊರಟುಹೋಗುವುದಿಲ್ಲ. ಅವಳೂ ಅವನ ಮಾತನ್ನು ಸುಮ್ಮನೆ ಒಪ್ಪುವುದಿಲ್ಲ. ತಿಳಿದವನು ಮಾತಾಡುವನೇ ಎಂದು ಅವನ ಅರಿವನ್ನೇ ಪ್ರಶ್ನಿಸಿ, ವಾದ ಹೂಡಿ, ದುಃಖದಿಂದಲೇ ವಿಚಾರಕ್ಕೆ ದಾಟುತ್ತಾಳೆ. ಗುರುವನ್ನು ಪರೀಕ್ಷಿಸುವ ಹಕ್ಕು ಶಿಷ್ಯೆಗೂ ಉಂಟೆಂದು ಕನ್ನಡದ ಗ್ರಂಥವೊಂದು ಅಷ್ಟು ಹಿಂದೆಯೇ ದಾಖಲಿಸಿದೆ.

ಈ ಪರಂಪರೆ ದಕ್ಷಿಣಕ್ಕೂ ಹರಿಯಿತು. ಕಪಿಲೆಯ ದಡದ ಸುತ್ತೂರಿನಲ್ಲಿ ಶಿವರಾತ್ರೀಶ್ವರರ ಮಠ ನೆಲೆಗೊಂಡಿತ್ತು. ಚಾಮರಾಜನಗರದ ಬಳಿಯ ಹರದನಹಳ್ಳಿಯಿಂದ ಹೊರಟ ತೋಂಟದ ಸಿದ್ಧಲಿಂಗರು ಎಡೆಯೂರಿನಲ್ಲಿ ನೆಲೆಸಿ 701 ವಚನಗಳ 'ಷಟ್‌ಸ್ಥಲ ಜ್ಞಾನಸಾರಾಮೃತ'ವನ್ನು ಕೊಟ್ಟರು.

ಅದೇ ಕಾಲದ ಆಸುಪಾಸಿನಲ್ಲಿ, ಇಂದಿನ ತಿ. ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ ಹುಟ್ಟಿದ ಹುಡುಗ ಮುಂದೆ ವ್ಯಾಸತೀರ್ಥರೆಂದು ಹೆಸರಾದ. ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ಗುರು, ಪುರಂದರದಾಸರಿಗೆ ದಾರಿ ತೋರಿದವರು ಎಂದೇ ಅವರನ್ನು ನೆನೆಯುತ್ತೇವೆ. ಅವರ ಓದಿನ ಕ್ರಮ ಅದಕ್ಕಿಂತ ಕಡಿಮೆ ಮುಖ್ಯವಲ್ಲ. ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದ ಪ್ರಕಾರ, ಎಳೆಯ ವಯಸ್ಸಿನ ಸಂನ್ಯಾಸಿ ಕಾಂಚಿಗೆ ಹೋಗಿ ಹಲವು ದರ್ಶನಗಳನ್ನು ಕಲಿತರು. ಅನಂತರ ಮುಳಬಾಗಿಲಿನ ಶ್ರೀಪಾದರಾಜರ ಬಳಿ ಶಿಷ್ಯರಾದರು. ತಾನು ಒಪ್ಪದ ಮತವನ್ನು ಅದರ ಒಳಗಿನಿಂದಲೇ ತಿಳಿಯಬೇಕೆಂಬ ಹಟ ಕಾಂಚಿಯ ಆ ಓದಿನದು. ಅವರು ಕಲಿತ ಶಾಸ್ತ್ರಗಳ ಕ್ರಮವೂ ಅಂಥದ್ದೇ. ವೇದಾಂತದ ಅಧಿಕರಣದಲ್ಲಿ, ಅಂದರೆ ಒಂದೊಂದು ವಿಷಯದ ಚರ್ಚೆಯಲ್ಲಿ, ವಿಷಯವನ್ನು ಇಟ್ಟ ಕೂಡಲೇ ಸಂಶಯಕ್ಕೆ ಜಾಗ ಕೊಡುತ್ತಾರೆ. ಬಳಿಕ ಎದುರಾಳಿಯ ವಾದವಾದ ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ನ್ಯಾಯದರ್ಶನವಂತೂ ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಸ್ಥಾನ ಕೊಟ್ಟಿದೆ. ಅನುಮಾನ ಬಂದವನನ್ನು ಗದರಿಸಿ ಎಬ್ಬಿಸದೆ, ಅವನ ಅನುಮಾನಕ್ಕೇ ಮಣೆ ಹಾಕುವ ಶಿಸ್ತು ಇದು.

ವ್ಯಾಸತೀರ್ಥರ 'ನ್ಯಾಯಾಮೃತ' ಅದ್ವೈತವನ್ನು ಎಷ್ಟು ಬಿಗಿಯಾಗಿ ಪ್ರಶ್ನಿಸಿತೆಂದರೆ, ಉತ್ತರ ಭಾರತದ ಮಧುಸೂದನ ಸರಸ್ವತಿ ಅದಕ್ಕೆ 'ಅದ್ವೈತಸಿದ್ಧಿ' ಬರೆದು ಉತ್ತರಿಸಬೇಕಾಯಿತು. ಅದನ್ನು ರಾಮಾಚಾರ್ಯರ 'ನ್ಯಾಯಾಮೃತ ತರಂಗಿಣಿ' ಎದುರಿಸಿತು. ಎರಡೂ ಪಂಥಗಳ ವಿದ್ವಾಂಸರು ಆ ವಾದವನ್ನು ತಲೆಮಾರುಗಳವರೆಗೆ ಮುಂದುವರಿಸಿದರು. ವ್ಯಾಸತೀರ್ಥರು 1539ರಲ್ಲಿ ತೀರಿಕೊಂಡರು. ಅವರ ಪರಂಪರೆಯ ಒಂದು ಮಠ ಇಂದಿಗೂ ತಿ. ನರಸೀಪುರದ ಪಕ್ಕದ ಸೋಸಲೆಯ ಹೆಸರಿನಲ್ಲಿದೆ. ಆದರೆ ಈ ವಾದ ನಡೆದದ್ದು ಸಂಸ್ಕೃತದಲ್ಲಿ, ಓದಿದವರ ನಡುವೆ. ಹೊಲದಲ್ಲಿ ದುಡಿಯುವವನ ಅಳುಕು ಅಲ್ಲಿಗೆ ತಲುಪಲಿಲ್ಲ. ಇದನ್ನು ಹೇಳದಿದ್ದರೆ ಈ ಸಮೀಕ್ಷೆ ಪ್ರಾಮಾಣಿಕವಾಗದು.

ಆ ಅಂತರವನ್ನು ತುಂಬಿದವರಲ್ಲಿ ಮೊದಲಿಗರು ಶಂಭುಲಿಂಗನ ಬೆಟ್ಟದ ನಿಜಗುಣ ಶಿವಯೋಗಿಗಳು. ಪಾಳೆಯಗಾರನಾಗಿದ್ದು ವಿರಕ್ತರಾದರೆಂಬ ಪ್ರತೀತಿ ಅವರ ಬಗ್ಗೆ ಇದೆ. 'ವಿವೇಕಚಿಂತಾಮಣಿ' ಎಂಬ ವಿಶ್ವಕೋಶದಂಥ ಗದ್ಯಗ್ರಂಥ ಬರೆದವರೇ 'ಅನುಭವಸಾರ'ವನ್ನು ತ್ರಿಪದಿಯಲ್ಲಿ, 'ಕೈವಲ್ಯಪದ್ಧತಿ'ಯನ್ನು ಹಾಡಿನಲ್ಲಿ ಬರೆದರು. ಶಾಸ್ತ್ರ ಬಾರದವರಿಗೂ ವೇದಾಂತ ಹಾಡಾಗಿ ಬಂತು. ಕೊಳ್ಳೇಗಾಲದ ಸೀಮೆಯ ಮುಪ್ಪಿನ ಷಡಕ್ಷರಿ, ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳು ಅದನ್ನು ಮುಂದುವರಿಸಿದರು. ಏಕತಾರಿ, ತಾಳ ಹಿಡಿದು ಭಜನೆಮನೆಗಳಲ್ಲಿ ತತ್ವಪದ ಹಾಡುವ ಊರುಗಳು ಈ ಭಾಗದಲ್ಲಿ ಇನ್ನೂ ಇವೆ. ಹಾಡಿದ ಮೇಲೆ ಹಿರಿಯರೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ, ಕೇಳುವವರು ಮಧ್ಯೆ ಬಾಯಿ ಹಾಕುತ್ತಾರೆ. ಅಲ್ಲಿ ಪ್ರಶ್ನೆ ಕೇಳಲು ಪದವಿ ಬೇಕಿಲ್ಲ.

ಇವೆಲ್ಲಕ್ಕಿಂತ ನೆಲಕ್ಕೆ ಹತ್ತಿರವಾದದ್ದು ಮಂಟೇಸ್ವಾಮಿ ಕಾವ್ಯ. ತಂಬೂರಿ, ತಾಳ, ಗಗ್ಗರ ಹಿಡಿದ ನೀಲಗಾರರು ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಇದನ್ನು ರಾತ್ರಿಯಿಡೀ ಹಾಡುತ್ತ ಬಂದಿದ್ದಾರೆ. ಅವರಲ್ಲಿ ಬಹುಪಾಲು ದಲಿತ ಸಮುದಾಯದವರು. ಕಾವ್ಯದ ನಾಯಕ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಜ್ಯೋತಿಯ ರೂಪದಲ್ಲಲ್ಲ. ಮೈಯೆಲ್ಲ ಹೊಲಸು ಮೆತ್ತಿಕೊಂಡು, ತಿಪ್ಪೆಯ ಮೇಲೆ ಕೂರುತ್ತಾನೆ. ಮಡಿಯ ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ. ಬಸವಣ್ಣನ ನಿಜವಾದ ಪರೀಕ್ಷೆ ಆ ತಿಪ್ಪೆಯ ಮುಂದೆ ನಡೆಯುತ್ತದೆ. ಕೇಳುತ್ತ ಕುಳಿತ ಕೂಲಿಯವನಿಗೆ, ಊರಾಚೆಯ ಕೇರಿಯವನಿಗೆ ಇದರಿಂದ ಏನು ತಿಳಿಯುತ್ತದೆ? ಇಷ್ಟು ದಿನ ತನ್ನ ಮೇಲೆ ತಾನೇ ಹೊರಿಸಿಕೊಂಡಿದ್ದ ಸಂಶಯ ಈಗ ಮೂಗು ಮುಚ್ಚಿಕೊಂಡವರ ಕಡೆ ತಿರುಗುತ್ತದೆ.

ಅದೇ ಕಾವ್ಯದ ಸಿದ್ದಪ್ಪಾಜಿಯ ಸಾಲು ಇನ್ನಷ್ಟು ಕಠಿಣ. ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಷ್ಯನಾಗಿ ತೆಗೆದುಕೊಂಡು, ಕಬ್ಬಿಣದ ಭಿಕ್ಷೆ ತರಲು ಹಲಗೂರಿನ ಪಾಂಚಾಳರ ಬಳಿಗೆ ಕಳಿಸುತ್ತಾನೆ. ತನ್ನ ಕುಲದವರೇ ಅವನನ್ನು ಹೀಯಾಳಿಸಿ, ಒಂದರ ಮೇಲೊಂದು ಪರೀಕ್ಷೆಗೆ ಒಡ್ಡುತ್ತಾರೆ. ಅವೆಲ್ಲವನ್ನೂ ದಾಟಿದವನು ಚಿಕ್ಕಲ್ಲೂರಿನ ಸಿದ್ದಪ್ಪಾಜಿಯಾಗುತ್ತಾನೆ. ಪ್ರತಿ ಜನವರಿಯ ಹೊತ್ತಿಗೆ ಅಲ್ಲಿ ಚಂದ್ರಮಂಡಲವೆಂಬ ಆಚರಣೆಯೊಂದಿಗೆ ಜಾತ್ರೆ ಆರಂಭವಾಗಿ ಐದು ದಿನ ನಡೆಯುತ್ತದೆ. ಈ ಕಾವ್ಯವನ್ನು ಜಾನಪದ ವಿದ್ವಾಂಸರು ಬರೆದಿಟ್ಟರು, ಎಚ್.ಎಸ್. ಶಿವಪ್ರಕಾಶ್ ರಂಗಕ್ಕೆ ತಂದರು. ಆತ್ಮಶೋಧದ ಚರಿತ್ರೆ ಬರೆಯುವವರು ಇದನ್ನು 'ಜಾನಪದ'ದ ಅಧ್ಯಾಯಕ್ಕೆ ಸೇರಿಸಿ ದರ್ಶನದ ಅಧ್ಯಾಯದಿಂದ ಹೊರಗಿಟ್ಟಿರುವುದು ದೊಡ್ಡ ಅನ್ಯಾಯ.

20ನೇ ಶತಮಾನದಲ್ಲಿ ಕೇಂದ್ರ ಮೈಸೂರಿಗೆ ಸರಿಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಆರಂಭವಾಯಿತು, ಎರಡು ವರ್ಷಗಳ ನಂತರ ರಾಧಾಕೃಷ್ಣನ್ ತತ್ತ್ವಶಾಸ್ತ್ರ ಕಲಿಸಲು ಬಂದರು, ಎಂ. ಹಿರಿಯಣ್ಣನವರ ಭಾರತೀಯ ದರ್ಶನದ ರೂಪುರೇಷೆ 1932ರಲ್ಲಿ ಪ್ರಕಟವಾಯಿತು. ಈ ಹೊತ್ತಿನಲ್ಲೇ, ಮುಂದೆ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳಾದ ವೈ. ಸುಬ್ಬರಾಯರು, ಶಂಕರರು ಹೇಳಿದ್ದನ್ನೇ ವ್ಯಾಖ್ಯಾನಕಾರರು ಹೇಳುತ್ತಿದ್ದಾರೆಯೇ ಎಂದು ಕೇಳಿದರು. ಅವರ 'ಮೂಲಾವಿದ್ಯಾನಿರಾಸ' 1929ರಲ್ಲಿ ಬಂದಾಗ ಪಂಡಿತವಲಯ ಕದಡಿಹೋಯಿತು.

1925ರಲ್ಲಿ ಮೈಸೂರಿನಲ್ಲಿ ರಾಮಕೃಷ್ಣಾಶ್ರಮ ತೆರೆಯಿತು. ಸ್ವಾಮಿ ಸಿದ್ಧೇಶ್ವರಾನಂದರ ಒಡನಾಟದಲ್ಲಿ ಅಲ್ಲಿಯೇ ಇದ್ದ ಮಲೆನಾಡಿನ ಯುವಕ ಕುವೆಂಪು 1929ರಲ್ಲಿ ಬೇಲೂರು ಮಠದಲ್ಲಿ ದೀಕ್ಷೆ ಪಡೆದರು. ಆ ದಿನಗಳ ಒಳತೋಟಿಯನ್ನು 'ನೆನಪಿನ ದೋಣಿಯಲ್ಲಿ' ಓದಿದವರು ಬಲ್ಲರು. 1943ರಲ್ಲಿ ಡಿ.ವಿ.ಜಿ. ಅವರ 'ಮಂಕುತಿಮ್ಮನ ಕಗ್ಗ' ಬಂತು. ಆರಂಭದಲ್ಲೇ ದೇವರು, ಜಗತ್ತು, ಜೀವಗಳ ಬಗೆಗೆ ಒಂದರ ಹಿಂದೊಂದು ಪ್ರಶ್ನೆ ಹಾಕುವ ಈ ಪುಸ್ತಕ ಕನ್ನಡಿಗರ ಮನೆಮನೆಯಲ್ಲೂ ಸೇರಿಕೊಂಡಿತು. ಸಂಶಯಕ್ಕೆ ಮನೆಮಾತಿನ ಗೌರವ ತಂದುಕೊಟ್ಟ ಕೀರ್ತಿ ಅದರದು.

ಮೈಸೂರಿನಲ್ಲೇ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಆರಂಭಿಸಿದರು. ಮನಸ್ಸಿನ ಅಳುಕು ಪ್ರಯೋಗಶಾಲೆಗೂ ಬಂತು. ವೈದ್ಯರೂ 'ಕೊರವಂಜಿ'ಯ ಸಂಪಾದಕರೂ ಆಗಿದ್ದ ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮನೋರೋಗದ ವಿಚಾರ ಕನ್ನಡದಲ್ಲಿ ಸಾಹಿತ್ಯವೂ ಆಗಬಲ್ಲದೆಂದು ಅದು ತೋರಿಸಿತು. ಮುಂದೆ ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದ ಪುಸ್ತಕಗಳ ಮೂಲಕ ಹಳ್ಳಿಯ ಓದುಗರನ್ನು ಮುಟ್ಟಿದರು, ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಲೆಕ್ಕವಿಲ್ಲದಷ್ಟು ವಿದ್ಯಾರ್ಥಿಗಳ ಕೈ ಸೇರಿತು. ಹೊರಗಿನ ಜಗತ್ತಿನಲ್ಲಿ 1978ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, ಸಾಧನೆ ಮಾಡಿಯೂ 'ನಾನು ಮೋಸಗಾರಳು, ಇದಕ್ಕೆ ತಕ್ಕವಳಲ್ಲ' ಎಂದು ಒಳಗೇ ಅಂಜುವ ಹೆಣ್ಣುಮಕ್ಕಳ ಬಗ್ಗೆ ಬರೆದರು. ಹಳ್ಳಿಯಿಂದ ಮೈಸೂರಿನ ಕಾಲೇಜಿಗೆ ಬಸ್ಸು ಹತ್ತುವ ಎಷ್ಟೋ ಹುಡುಗಿಯರಿಗೆ ಆ ಅಂಜಿಕೆ ಹೊಸದೇನಲ್ಲ.

ಈ ಅಂಜಿಕೆ ಎಲ್ಲರಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರ ಭಾಷಣದಿಂದ ಹೊತ್ತಿಕೊಂಡ ಬೂಸಾ ಚಳವಳಿ ಮತ್ತು ಅದರ ಬೆನ್ನಿಗೆ ಬೆಳೆದ ದಲಿತ ಸಂಘಟನೆ ಇದನ್ನು ಬಿಚ್ಚಿಹೇಳಿದವು. ಸಮಾಜವೇ ತಲೆಮಾರುಗಳಿಂದ ಒಬ್ಬನ ಮೇಲೆ ಹೇರಿದ ಕೀಳರಿಮೆಗೆ ಧ್ಯಾನವೊಂದೇ ಮದ್ದಾಗದು. ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವ ಆ ಭಾಗದ ಆಡುಮಾತಿನಲ್ಲೇ 'ಕುಸುಮಬಾಲೆ' ಬರೆದರು. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮಾತು ಬರೆಯಲು ತಕ್ಕದ್ದೇ ಎಂಬ ಅಳುಕಿಗೆ ಅದಕ್ಕಿಂತ ದೊಡ್ಡ ಉತ್ತರ ಈ ಸೀಮೆಯಿಂದ ಬಂದಿಲ್ಲ.

ಇಂದು ಆತ್ಮವಿಶ್ವಾಸದ ಶಿಬಿರಗಳು, ಎರಡು ನಿಮಿಷದ ಪ್ರವಚನದ ವಿಡಿಯೊಗಳು ಎಲ್ಲ ಕಡೆ ಸಿಗುತ್ತವೆ. ಅವುಗಳಿಂದ ಧೈರ್ಯ ಪಡೆದವರೂ ಇದ್ದಾರೆ. ಆದರೆ ಅವುಗಳಲ್ಲಿ ಬಹುಪಾಲು ಸಂಶಯವನ್ನು ಓಡಿಸಲು ಹೊರಟಿವೆ. ಮಾತಾಡುವವನು ಒಬ್ಬ, ಕೇಳುವವರು ಸಾವಿರ. ಮುಕ್ತಾಯಕ್ಕನ ಹಾಗೆ ಎದ್ದು ಮರುಮಾತಾಡಲು ಅಲ್ಲಿ ಎಡೆಯಿಲ್ಲ. ನಿದ್ದೆ, ಊಟ ಬಿಟ್ಟು ತಿಂಗಳುಗಟ್ಟಲೆ ಕೊರಗುವವರಿಗೆ ಪ್ರವಚನವೂ ಸಾಲದು, ವೈದ್ಯರ ಬಳಿಗೆ ಹೋಗಬೇಕು. ಇದನ್ನು ಮಠಾಧೀಶರೇ ಬಾಯಿಬಿಟ್ಟು ಹೇಳಿದರೆ ಹಳ್ಳಿಯ ಜನ ಹೆಚ್ಚು ನಂಬುತ್ತಾರೆ.

ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. ಕೊರೊನಾದಿಂದ ಒಮ್ಮೆ ತಪ್ಪಿ, 2025ರ ಫೆಬ್ರವರಿಯಲ್ಲಿ ಮತ್ತೆ ಜನ ಸೇರಿದರು. ಸುತ್ತೂರು ಜಾತ್ರೆಯಲ್ಲಿ ಭಜನಾ ಮೇಳ ನಡೆಯುತ್ತದೆ. ಇಷ್ಟು ಜನ ಕೂಡುವ ಜಾಗದಲ್ಲಿ ವೇದಿಕೆಯ ಭಾಷಣಗಳ ಜೊತೆಗೆ ಒಂದು ಚಪ್ಪರ ಪ್ರಶ್ನೆಗಳಿಗೂ ಇರಲಿ: ಒಂದು ಕಡೆ ನೀಲಗಾರರು, ಒಂದು ಕಡೆ ತತ್ವಪದಕಾರರು, ವೇದಾಂತ ಬಲ್ಲವರು, ಮನೋವೈದ್ಯರೊಬ್ಬರು, ಎದುರಿಗೆ ಪಿಯುಸಿ ಹುಡುಗ ಹುಡುಗಿಯರು. ಮುಂದಿನ ಕುಂಭಮೇಳಕ್ಕೆ ಸಿದ್ಧತೆ ನಡೆಸುವವರು, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.