ಊರಿನ ಆಯ, ಒಕ್ಕಲಿನ ಹೊಲ: ವಿಲ್ಕ್ಸ್‌ನ ಒಂದು ವಾಕ್ಯದ ಚರಿತ್ರೆ

ಭಾರತದ ಹಳ್ಳಿಗಳಲ್ಲಿ ಭೂಮಿ ಊರಿನದಾಗಿತ್ತೋ ಒಕ್ಕಲಿನದಾಗಿತ್ತೋ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಂದಾಯ ಕಚೇರಿಗಳನ್ನು ದಾಟಿ ಯುರೋಪಿನ ವ್ಯಕ್ತಿವಾದ-ಸಮಷ್ಟಿವಾದಗಳ ಚರ್ಚೆಗೆ ಇಳಿಯಿತು. ಸಮಷ್ಟಿ ಒಡೆತನಕ್ಕೆ ಸಾಕ್ಷಿಯೆಂದು ಮುಂದಿಟ್ಟ ಬರಹಗಳಲ್ಲಿ ಒಂದು ಕನ್ನಡ ನೆಲದ್ದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ದಕ್ಷಿಣ ಭಾರತದ ಚರಿತ್ರೆಯ ಮೊದಲ ಸಂಪುಟ ಪ್ರಕಟಿಸಿದ. ಮಾರ್ಕ್ಸ್ 1867ರ ‘ಬಂಡವಾಳ’ದ ಅಡಿಟಿಪ್ಪಣಿಯಲ್ಲಿ ಅದರ 118-120ನೆಯ ಪುಟಗಳನ್ನು ಸೂಚಿಸಿದ್ದಾನೆ. ವಿಲ್ಕ್ಸ್‌ನನ್ನು ಆ ಅಡಿಟಿಪ್ಪಣಿಯ ಮೂಲಕವಷ್ಟೇ ಬಲ್ಲವರು ಅವನನ್ನು ಸಾಮೂಹಿಕ ಒಡೆತನದ ಸಾಕ್ಷಿಯೆಂದು ಎಣಿಸುತ್ತಾರೆ. ಈ ಎಣಿಕೆ ತಪ್ಪು.

ವಿಲ್ಕ್ಸ್ ಹಳ್ಳಿಯನ್ನು ಒಂದು ಗಣರಾಜ್ಯವೆಂದು ಕರೆದದ್ದು ನಿಜ. ಆದರೆ ಅದಕ್ಕೆ ಅವನು ಕೊಡುವ ಆಧಾರ ಹನ್ನೆರಡು ಆಯಗಾರರ ಪಟ್ಟಿ: ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ. ಇವರಿಗೆ ಊರು ಕೊಡುತ್ತಿದ್ದ ಪ್ರತಿಫಲ ಕಣದ ಧಾನ್ಯದಲ್ಲೊಂದು ಪಾಲು, ಇಲ್ಲವೇ ಮಾನ್ಯದ ನೆಲ. ಊರು ಒಟ್ಟಾಗಿ ಹೊತ್ತದ್ದು ಸೇವೆಗಳ ಹೊಣೆಯನ್ನು.

ಸಾಗುವಳಿಯ ವಿಷಯಕ್ಕೆ ಅವನು ಕೊಟ್ಟಿರುವುದು ಒಂದೇ ವಾಕ್ಯ, ವಿವಾದವೆಲ್ಲ ಅದರ ಮೇಲೆ ನಿಂತಿದೆ. ಕೆಲವು ಕಡೆ ಊರಿನವರು ಕೂಡಿ ಉತ್ತು, ದುಡಿಮೆಗೆ ತಕ್ಕಂತೆ ಬೆಳೆ ಹಂಚಿಕೊಳ್ಳುತ್ತಾರೆ. ಸಾಮಾನ್ಯವಾಗಿ ಮಾತ್ರ ಪ್ರತಿಯೊಬ್ಬ ಒಕ್ಕಲೂ ತನ್ನ ಹೊಲವನ್ನು ತಾನೇ ಉಳುತ್ತಾನೆ ಎಂಬುದು ಅದರ ತಾತ್ಪರ್ಯ. ಮಾರ್ಕ್ಸ್ ಈ ಎರಡನೆಯ ಭಾಗವನ್ನು ಬಲ್ಲವನೇ. 1853ರ ಜೂನ್ 14ರಂದು ಎಂಗೆಲ್ಸ್‌ಗೆ ಬರೆದ ಪತ್ರದಲ್ಲಿ ಅದನ್ನು ಹೆಚ್ಚುಕಡಿಮೆ ಹಾಗೆಯೇ ಇಳಿಸಿಕೊಂಡಿದ್ದಾನೆ. ಕೃಷ್ಣಾ ನದಿಯ ದಕ್ಷಿಣದ ಗುಡ್ಡಗಾಡಿನಲ್ಲಿ ಭೂಮಿಯ ಒಡೆತನ ಇದ್ದಂತೆ ತೋರುತ್ತದೆ ಎಂದೂ ಸೇರಿಸಿದ್ದಾನೆ. ಅದೇ ತಿಂಗಳ 2ರಂದು, ಫ್ರೆಂಚ್ ಪ್ರವಾಸಿ ಬರ್ನಿಯೆಯನ್ನು ನಂಬಿ, ಪೂರ್ವದೇಶಗಳಲ್ಲಿ ಖಾಸಗಿ ಭೂ ಒಡೆತನವೇ ಇಲ್ಲ ಎಂದು ಬರೆದಿದ್ದವನು ಇಷ್ಟು ಬೇಗ ತಿದ್ದುಪಡಿ ಮಾಡಿಕೊಂಡದ್ದು ಅವನ ಪ್ರಾಮಾಣಿಕತೆಗೆ ಸಲ್ಲಬೇಕು. ಆದರೆ ‘ಬಂಡವಾಳ’ಕ್ಕೆ ಬರುವಷ್ಟರಲ್ಲಿ ಕೂಡು ಸಾಗುವಳಿಯೇ ಹಳ್ಳಿಯ ಅತ್ಯಂತ ಸರಳ ರೂಪವಾಗಿ ಮುಂದೆ ನಿಂತಿತು, ‘ಸಾಮಾನ್ಯವಾಗಿ’ ನಡೆಯುತ್ತಿದ್ದುದು ಹಿಂದೆ ಸರಿಯಿತು. ರೂಪಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯೆಂದು ಮಾರ್ಕ್ಸ್ ಅಲ್ಲಿ ಹೇಳಿಯೇ ಇದ್ದಾನೆ. ಆ ಎಚ್ಚರಿಕೆಯನ್ನು ಕೈಬಿಟ್ಟ ದೋಷ ಅನುಯಾಯಿಗಳದು.

ವಿಲ್ಕ್ಸ್‌ನ ಆ ಅಧ್ಯಾಯವನ್ನು ಪೂರ್ತಿ ಓದಿದವರಿಗೆ ಈ ಗೊಂದಲ ಉಳಿಯಲಾರದು. ರಾಜನೇ ಸಮಸ್ತ ಭೂಮಿಯ ಒಡೆಯ ಎಂಬ ವಾದವನ್ನು ಅಲ್ಲಗಳೆದು, ಖಾಸಗಿ ಭೂ ಒಡೆತನ ಇಲ್ಲಿ ಹಳೆಯದೆಂದು ಸ್ಥಾಪಿಸಲೆಂದೇ ಅವನು ಅದನ್ನು ಬರೆದದ್ದು. ಅವನ ಬಲವಾದ ಆಧಾರ ಕರಾವಳಿಯ ಕನ್ನಡ ಜಿಲ್ಲೆ. 1799-1800ರಲ್ಲಿ ಅಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಕೂಡ ಭೂಮಿ ಖಾಸಗಿ ಸ್ವತ್ತೆಂದೇ ವರದಿ ಮಾಡಿದ್ದ. ಭೂಮಿಯ ಒಡೆಯನಾದ ಮೂಲವರ್ಗದಾರ, ಶಾಶ್ವತ ಹಕ್ಕಿನ ಮೂಲಗೇಣಿದಾರ, ಒಡೆಯನ ಇಷ್ಟದವರೆಗಷ್ಟೇ ಉಳುವ ಚಾಲಗೇಣಿದಾರ ಎಂಬ ಶ್ರೇಣಿ ಕೂಡೊಡೆತನದ ಊರಿನಲ್ಲಿ ಹುಟ್ಟುವಂಥದ್ದಲ್ಲ. ಕರಾವಳಿಯ ಈ ಪದ್ಧತಿಯನ್ನು ಬಯಲುಸೀಮೆಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ, ಅಷ್ಟು ಮಿತಿಯನ್ನು ಒಪ್ಪಬೇಕು.

ಹೆನ್ರಿ ಮೇನ್ 1871ರಲ್ಲಿ ಪೂರ್ವ-ಪಶ್ಚಿಮಗಳ ಗ್ರಾಮಸಮುದಾಯಗಳನ್ನು ಹೋಲಿಸಿದಾಗ ಮುಖ್ಯವಾಗಿ ಉತ್ತರದ ದಾಖಲೆಗಳನ್ನು ನೆಚ್ಚಿದ. ದಕ್ಷಿಣದ ಕಂದಾಯ ಸಾಹಿತ್ಯ ಅಷ್ಟು ಹೊತ್ತಿಗೆ ಅಚ್ಚಾಗಿದ್ದರಿಂದ ಈ ಅಲಕ್ಷ್ಯಕ್ಕೆ ಸಮಜಾಯಿಷಿ ಇಲ್ಲ. ಬೇಡನ್-ಪೊವೆಲ್ 1896ರಲ್ಲಿ ರೈತವಾರಿ ಹಳ್ಳಿಯನ್ನೂ ಕೂಡೊಡೆತನದ ಹಳ್ಳಿಯನ್ನೂ ಬೇರ್ಪಡಿಸಿ, ಮೊದಲನೆಯದು ಎರಡನೆಯದರ ಅವನತ ರೂಪವಲ್ಲವೆಂದು ವಾದಿಸಿದ. 1966ರಲ್ಲಿ ಲೂಯಿ ಡ್ಯುಮೋ ಮನ್ರೋನಿಂದ ಮೇನ್‌ವರೆಗಿನ ಗ್ರಾಮಸಮುದಾಯದ ಕಲ್ಪನೆಯ ದಾರಿಯನ್ನು ಗುರುತಿಸಿ, ಅದರಲ್ಲಿ ಜಾತಿಯೂ ಯಜಮಾನಿಕೆಯೂ ಮರೆಯಾದುದನ್ನು ತೋರಿಸಿದ. ಆಯಗಾರರ ಪಟ್ಟಿಗೆ ಈ ಟೀಕೆ ನೇರವಾಗಿ ತಗಲುತ್ತದೆ: ಅಲ್ಲಿನ ಕಸುಬುಗಳನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಹುಟ್ಟು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ ಕರಡನ್ನು ಸಮರ್ಥಿಸಿದರು. ಅಂದು ಅವರು ಪರೀಕ್ಷೆಗೆ ಒಡ್ಡಿದ್ದು ಬ್ರಿಟಿಷ್ ಆಡಳಿತಗಾರ ಮೆಟ್‌ಕಾಫ್‌ನ ಗ್ರಾಮ ಗಣರಾಜ್ಯದ ಹೊಗಳಿಕೆಯನ್ನು. ವಿಲ್ಕ್ಸ್‌ನ ಹೆಚ್ಚು ಹಳೆಯ, ಹೆಚ್ಚು ಎಚ್ಚರದ ವಿವರಣೆ ಆ ವಾದದ ಆಧಾರವಾಗಿರಲಿಲ್ಲ. ಆಮೇಲೆ ಸೇರಿದ 40ನೆಯ ವಿಧಿ ಗ್ರಾಮ ಪಂಚಾಯಿತಿಗಳನ್ನು ಸ್ವಯಮಾಡಳಿತದ ಘಟಕಗಳೆಂದು ಕಂಡಿತು; ಹೊಲದ ಒಡೆತನದ ಮಾತು ಅದರಲ್ಲಿಲ್ಲ.